ಬ್ಯಾಣದ ನೆಲ ಆರ್ಕಿಡ್: ಮಳೆಗಾಲದಲ್ಲಿ ಹುಡುಕುವುದು, ಗುರುತಿಸುವುದು, ಉಳಿಸಿಕೊಳ್ಳುವುದು ಹೇಗೆ?

ಆರಿದ್ರ ಮಳೆ ಹಿಡಿಯಿತು ಅಂದರೆ ಓದುಗರಿಂದ ಒಂದೇ ತರಹದ ಫೋಟೋಗಳು ಬರಲು ಶುರುವಾಗುತ್ತವೆ. ಬ್ಯಾಣದ, ಅಂದರೆ ದನ ಮೇಯಲು ಬಿಟ್ಟ ಬೋಳುಗುಡ್ಡದ, ಹುಲ್ಲಿನ ನಡುವೆ ನೆಲಕ್ಕೆ ಅಂಟಿಕೊಂಡ ಒಂದೇ ಎಲೆ, ಅದರ ಬುಡದಿಂದ ಎದ್ದ ಗೇಣುದ್ದವೂ ಇಲ್ಲದ ದಂಟು, ತುದಿಯಲ್ಲಿ ಒಂದೋ ಎರಡೋ ಬಿಳಿ ಹೂ. ಫೋಟೋ ಜೊತೆ ಮೂರು ಪ್ರಶ್ನೆ. ಇದು ಯಾವ ಹೂ? ಇನ್ನೂ ಎಲ್ಲೆಲ್ಲಿ ನೋಡಬಹುದು? ಕಿತ್ತು ತಂದು ಅಂಗಳದಲ್ಲಿ ನೆಡಬಹುದಾ?

ಮೂರನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ದಯವಿಟ್ಟು ಬೇಡ. ಯಾಕೆ ಅನ್ನುವುದು ಮೊದಲ ಹಂತದಲ್ಲೇ ಗೊತ್ತಾಗುತ್ತದೆ. ಉಳಿದ ಎರಡಕ್ಕೆ ಈ ಲೇಖನ.

ಇದು ಆರ್ಕಿಡ್. ಮಲೆನಾಡಿನಲ್ಲಿ ಆರ್ಕಿಡ್ ಅಂದರೆ ಮರದ ಕೊಂಬೆಯಿಂದ ಇಳಿಬಿದ್ದ ಸೀತಾಳೆ ದಂಡೆ ನೆನಪಾಗುತ್ತದೆ ಅಲ್ವಾ? ಅದರ ಬಳಗದಲ್ಲೇ ಮರ ಹತ್ತದೆ ಮಣ್ಣಿನಲ್ಲಿ ಬೇರೂರುವ ಗಿಡಗಳೂ ಬೇಕಾದಷ್ಟಿವೆ. ಅವನ್ನು ನೆಲ ಆರ್ಕಿಡ್ ಅನ್ನುತ್ತಾರೆ. ನಮ್ಮ ಒಂದೆಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು ಹ್ಯಾಬೆನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್. ಪಶ್ಚಿಮ ಘಟ್ಟದ ಹುಲ್ಲುಗಾವಲುಗಳಲ್ಲಿ ಮಳೆಗಾಲದ ಆರಂಭಕ್ಕೇ ಅರಳುವ ಹೂ ಇದು. ಇಲ್ಲಿ ಇದನ್ನು ಸುಲಭಕ್ಕೆ 'ಒಂದೆಲೆ ಆರ್ಕಿಡ್' ಅಂತ ಕರೆಯುತ್ತೇನೆ.

ಹಂತ 1: ಹೊರಡುವ ಮೊದಲು ಗಿಡದ ವರ್ಷ ಹೇಗೆ ಸಾಗುತ್ತದೆ ತಿಳಿದುಕೊಳ್ಳಿ

ಈ ಗಿಡ ಬಹುವಾರ್ಷಿಕ. ಅಂದರೆ ಒಂದು ಮಳೆಗಾಲಕ್ಕೆ ಹುಟ್ಟಿ ಸಾಯುವುದಲ್ಲ, ಹಲವು ವರ್ಷ ಬದುಕುತ್ತದೆ. ಆದರೆ ವರ್ಷದ ಬಹುಪಾಲು ಕಣ್ಣಿಗೆ ಬೀಳುವುದಿಲ್ಲ. ಮಳೆ ಮುಗಿದ ಮೇಲೆ ಎಲೆ, ದಂಟು ಎರಡೂ ಒಣಗಿ ಹೋಗುತ್ತವೆ. ಮಣ್ಣಿನೊಳಗೆ ಒಂದು ಪುಟ್ಟ ಗೆಡ್ಡೆ ಮಾತ್ರ ಉಳಿಯುತ್ತದೆ. ಬೇಸಿಗೆಯ ಬಿಸಿಲು, ದನಗಳ ಓಡಾಟ ಎಲ್ಲವನ್ನೂ ಅದು ನೆಲದೊಳಗೇ ಕಳೆಯುತ್ತದೆ.

ಮೃಗಶಿರ ಮಳೆ ಬಿದ್ದು ನೆಲ ನೆನೆದಾಗ ಆ ಗೆಡ್ಡೆ ಚಿಗುರುತ್ತದೆ. ಎಲೆ, ದಂಟು, ಹೂವಿಗೆ ಬೇಕಾದ ಮೊದಲ ಶಕ್ತಿಯೆಲ್ಲ ಹಳೆಯ ಗೆಡ್ಡೆಯಿಂದಲೇ ಬರಬೇಕು. ಹಾಗಾಗಿ ಅದು ಸುಕ್ಕಾಗುತ್ತಾ ಹೋಗುತ್ತದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಹೊಸ ಗೆಡ್ಡೆ ಬೆಳೆಯುತ್ತಿರುತ್ತದೆ. ಹಳೆಯ ಕಣಜ ಖಾಲಿಯಾಗುವಷ್ಟರಲ್ಲಿ ಹೊಸ ಕಣಜ ತುಂಬಿಸಿಕೊಳ್ಳುವ ಹಾಗೆ. ತುಂಬಿಸುವುದು ಯಾರು? ಆ ಒಂದೇ ಎಲೆ.

ಈಗ ಯೋಚಿಸಿ. ಹೂ ಚೆನ್ನಾಗಿದೆ ಅಂತ ಬುಡಸಮೇತ ಎಳೆದರೆ ಗಿಡವೇ ಹೋಯಿತು. ಎಲೆ ಮಾತ್ರ ಹರಿದರೂ ಮುಂದಿನ ವರ್ಷದ ಗೆಡ್ಡೆಗೆ ಆಹಾರ ಇಲ್ಲ. ಬೇರೆ ಗಿಡಕ್ಕಾದರೆ ಹತ್ತು ಎಲೆಯಲ್ಲಿ ಒಂದು ಹೋದರೆ ನಡೆಯುತ್ತದೆ. ಇದಕ್ಕಿರುವುದೇ ಒಂದು.

ಇನ್ನು ಬೀಜದ ವಿಷಯ. ಆರ್ಕಿಡ್ ಬೀಜ ಧೂಳಿನ ಕಣದಷ್ಟು ಸಣ್ಣದು. ಭತ್ತದ ಕಾಳಿನಲ್ಲಿ, ಅಲಸಂದೆಯಲ್ಲಿ ಮೊಳಕೆಗೆ ಬೇಕಾದ ಆಹಾರ ಒಳಗೇ ಇರುತ್ತದಲ್ಲ, ಇದರಲ್ಲಿ ಅದಿಲ್ಲ. ಮಣ್ಣಿನಲ್ಲಿರುವ ಕೆಲವು ಶಿಲೀಂಧ್ರಗಳು, ಅಂದರೆ ಅಣಬೆಯ ಜಾತಿಯ ಸೂಕ್ಷ್ಮ ಎಳೆಗಳು, ಬೀಜದೊಳಗೆ ಸೇರಿ ಆಹಾರ ಒದಗಿಸಿದರೆ ಮಾತ್ರ ಮೊಳಕೆ. ಈ ಸಂಬಂಧಕ್ಕೆ ಮೈಕೊರೈಜಾ ಅನ್ನುತ್ತಾರೆ. ನಿಮ್ಮ ಅಂಗಳದ ಕುಂಡದಲ್ಲಿ ಕೆಮ್ಮಣ್ಣು, ಗೊಬ್ಬರ, ಕೋಕೋಪೀಟ್ ಎಲ್ಲ ಇರಬಹುದು, ಬ್ಯಾಣದ ಆ ಶಿಲೀಂಧ್ರ ಇರುವುದಿಲ್ಲ. ಕಿತ್ತು ತಂದ ಗಿಡ ಗೆಡ್ಡೆಯಲ್ಲಿದ್ದ ಶಕ್ತಿಯಿಂದ ಕೆಲವು ದಿನ ಹಸಿರಾಗಿಯೇ ಕಾಣುತ್ತದೆ. 'ನಮ್ಮಲ್ಲಿ ಹಿಡಿದಿದೆ' ಅಂತ ಬಹಳ ಜನ ಮೋಸ ಹೋಗುವುದು ಇಲ್ಲೇ.

ಕಾನೂನೂ ಇದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಅಂಗಳದಲ್ಲಿ ಆರ್ಕಿಡ್ ಬೇಕೇ ಬೇಕು ಅನ್ನುವವರು ನರ್ಸರಿಯಲ್ಲೇ ಬೆಳೆಸಿದ ಡೆಂಡ್ರೋಬಿಯಂ ತಂದು ಸಾಕಿ. ಅದು ಕುಂಡದ ಬದುಕಿಗೆ ಒಗ್ಗಿದ ಗಿಡ.

ಹಂತ 2: ಸರಿಯಾದ ಮಳೆ ನೋಡಿ ದಿನ ಗೊತ್ತು ಮಾಡಿ

ಕ್ಯಾಲೆಂಡರ್‌ಗಿಂತ ಮಳೆ ನಕ್ಷತ್ರ ನೋಡುವುದು ಒಳ್ಳೆಯದು. ಜೂನ್ ಎರಡನೇ ವಾರದ ಮೃಗಶಿರದಲ್ಲಿ ಎಲೆ ಮೇಲೇಳುತ್ತದೆ. ಜೂನ್ ಕೊನೆಯ ಆರಿದ್ರದಿಂದ ಜುಲೈ ನಡುವಿನ ಪುನರ್ವಸುವರೆಗೆ ಹೂವಿನ ಭರಾಟೆ. ಪುಷ್ಯದಲ್ಲೂ ಅಲ್ಲಲ್ಲಿ ಸಿಗುತ್ತದೆ. ಮುಂಗಾರು ತಡವಾದ ವರ್ಷ ಇದೆಲ್ಲ ಮುಂದಕ್ಕೆ ಹೋಗುತ್ತದೆ. ಹಾಗಾಗಿ ದಿನಾಂಕ ಹಿಡಿದು ಹೋಗಬೇಡಿ. ಮೊದಲ ಜಡಿಮಳೆ ಹಿಡಿದು ಮೂರು ವಾರ ಆಯಿತಾ ನೋಡಿ ಹೊರಡಿ.

ಸಾಮಾನ್ಯ ತಪ್ಪು: 'ಮಳೆ ಕಮ್ಮಿಯಾಗಲಿ, ಸೆಪ್ಟೆಂಬರ್‌ನಲ್ಲಿ ಆರಾಮಾಗಿ ಹೋಗೋಣ' ಅಂತ ಕಾಯುವುದು. ಅಷ್ಟರಲ್ಲಿ ಇದರ ಹೂ ಮುಗಿದು, ಹುಲ್ಲು ಮೊಣಕಾಲು ದಾಟಿರುತ್ತದೆ. ಹುಲ್ಲು ಎತ್ತರವಾಗಿ ಬೆಳಕು ಮುಚ್ಚುವ ಮೊದಲೇ ಹೂ ಮುಗಿಸಿಕೊಳ್ಳುವ ಗಿಡ ಇದು. ಮಳೆಯಲ್ಲಿ ನೆನೆಯಲು ಸಿದ್ಧ ಇದ್ದವರಿಗೆ ಮಾತ್ರ ಸಿಗುತ್ತದೆ.

ಹಂತ 3: ಜಾಗ ಆರಿಸಿ

ಬಹಳ ಜನ ನೇರ ಕೊಡಚಾದ್ರಿ ತುದಿಗೇ ಹೊರಡುತ್ತಾರೆ. ಅಗತ್ಯ ಇಲ್ಲ. ಶಿವಮೊಗ್ಗ ಜಿಲ್ಲೆಯ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡಂತೆ ಬ್ಯಾಣಗಳಿರುತ್ತವೆ. ಬಯಲುಸೀಮೆಯ ಓದುಗರಿಗೆ ಹೇಳುವುದಾದರೆ, ಬ್ಯಾಣ ಅಂದರೆ ಹುಲ್ಲಿಗಾಗಿ, ದನ ಮೇಯಲಿಕ್ಕಾಗಿ ಬಿಟ್ಟುಕೊಂಡ ಬೋಳುಗುಡ್ಡ. ಜಂಬಿಟ್ಟಿಗೆ ಕಲ್ಲಿನ ಮೇಲೆ ತೆಳ್ಳಗೆ ಮಣ್ಣು, ನೀರು ನಿಲ್ಲದ ಇಳಿಜಾರು, ಗಿಡ್ಡ ಹುಲ್ಲು, ತಲೆಯ ಮೇಲೆ ಮರದ ನೆರಳಿಲ್ಲ. ಈ ನಾಲ್ಕೂ ಕೂಡಿದ ಕಡೆ ಮೊದಲು ನೋಡಿ.

ದಾರಿ ಕೇಳುವುದಕ್ಕೆ ಗೂಗಲ್ ಮ್ಯಾಪ್‌ಗಿಂತ ದನ ಹೊಡೆದುಕೊಂಡು ಹೋಗುವವರು ಉತ್ತಮ. 'ಅಣ್ಣ, ನೆಲಕ್ಕೆ ಅಂಟಿದ ಒಂದೇ ಎಲೆ, ಬಿಳಿ ಹೂ, ನಿಮ್ಮ ಬ್ಯಾಣದಲ್ಲಿ ಬರುತ್ತಾ?' ಅಂತ ಕೇಳಿ. 'ಹೋ, ಅದಾ? ಮೇಲಿನ ದರೆ ಹತ್ರ ಬತ್ತದೆ, ನೋಡಿ ಮಾರಾಯ್ರೆ' ಅನ್ನುವ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಬ್ಯಾಣ ಯಾರದೋ ಮನೆಯವರು ನೋಡಿಕೊಳ್ಳುವ ಜಾಗ. ಕೇಳದೆ ಬೇಲಿ ದಾಟಬೇಡಿ. ತೆಗೆದ ದಣಪೆಯನ್ನು, ಅಂದರೆ ಬೇಲಿ ಬಾಗಿಲಿನ ಅಡ್ಡಗಳನ್ನು, ಮತ್ತೆ ಹಾಕಿಯೇ ಬನ್ನಿ.

ಎತ್ತರದ ಬೆಟ್ಟಗಳ ಆಸೆ ಇದ್ದವರಿಗೆ ಕೊಡಚಾದ್ರಿ ಇದ್ದೇ ಇದೆ. 1,343 ಮೀಟರ್ ಎತ್ತರ. ಹೊಸನಗರ ತಾಲ್ಲೂಕಿನ ಈ ಬೆಟ್ಟ ಮೂಕಾಂಬಿಕಾ ಅಭಯಾರಣ್ಯಕ್ಕೆ ಸೇರಿದ್ದು. ಇಲ್ಲಿ ಶೋಲಾ ಕಾಡು ಮತ್ತು ಹುಲ್ಲುಗಾವಲು ಅಕ್ಕಪಕ್ಕ ಇವೆ. ಶೋಲಾ ಅಂದರೆ ಬೆಟ್ಟದ ಮಡಿಕೆಗಳಲ್ಲಿ ನೀರಿನ ಪಸೆ ಇರುವ ಕಡೆ ಗುಂಪಾಗಿ ನಿಂತ ಗಿಡ್ಡ ಮರಗಳ ಕಾಡು. ಅದರಾಚೆ ಗಾಳಿಗೆ ತೆರೆದುಕೊಂಡ ಏರುಗಳಲ್ಲೆಲ್ಲ ಹುಲ್ಲು. ದಕ್ಷಿಣಕ್ಕೆ ಹೋದರೆ ಕುದುರೆಮುಖ, ಬಾಬಾಬುಡನ್‌ಗಿರಿ ಸಾಲುಗಳಲ್ಲೂ ಇದೇ ನೋಟ. ಕುದುರೆಮುಖದಂತಹ ಚಾರಣಗಳಿಗೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ಜೋರು ಮಳೆಯಲ್ಲಿ ದಾರಿ ಮುಚ್ಚುವುದೂ ಉಂಟು. ಹಿಂದಿನ ದಿನ ವಿಚಾರಿಸದೆ ಬಸ್ ಹತ್ತಬೇಡಿ.

ಹಂತ 4: ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಹಿಡಿತ ಇರುವ ಬೂಟು, ಮೊಣಕಾಲವರೆಗೆ ಬರುವ ಉಂಬಳದ (ಜಿಗಣೆ ತಡೆಯುವ) ಕಾಲುಚೀಲ, ರೇನ್‌ಕೋಟ್, ಫೋನಿಗೆ ಪ್ಲಾಸ್ಟಿಕ್ ಕವರ್, ಒಂದು ಚಿಕ್ಕ ಸ್ಕೇಲ್, ಪೆನ್ಸಿಲ್ ಮತ್ತು ನೋಟ್‌ಬುಕ್. ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು ನೋಡುವ ಕೆಲಸ ಬಹಳ. ಮೊಣಕಾಲಿಗೆ ಹಾಕಿಕೊಳ್ಳಲು ಒಂದು ಗೋಣಿಚೀಲದ ತುಂಡು ಇದ್ದರೆ ಹಾಯಾಗಿರುತ್ತದೆ. ಕೊಡೆ ಬೇಡ. ಬೆಟ್ಟದ ಗಾಳಿಗೆ ನಿಲ್ಲುವುದಿಲ್ಲ.

ಉಂಬಳಕ್ಕೆ ಕಾಲುಚೀಲದ ಮೇಲೆ ಹೊಗೆಸೊಪ್ಪಿನ ನೀರೋ, ಸುಣ್ಣವೋ ಹಚ್ಚಿಕೊಳ್ಳುವುದು ನಮ್ಮ ಕಡೆಯ ರೂಢಿ. ಹಚ್ಚಿಕೊಳ್ಳಿ. ಆದರೆ ಹತ್ತಿದ ಉಂಬಳದ ಮೇಲೆ ಉಪ್ಪು ಸುರಿದು ಉಳಿದದ್ದನ್ನು ಹುಲ್ಲಿಗೆ ಚೆಲ್ಲಬೇಡಿ. ಗಿಡಗಳಿಗೆ ಅದು ಒಳ್ಳೆಯದಲ್ಲ. ಉಗುರಿನಿಂದ ಪಕ್ಕಕ್ಕೆ ಜಾರಿಸಿ ತೆಗೆದರೆ ಸಾಕು.

ಇನ್ನೊಂದು ಎಚ್ಚರಿಕೆ, ಇದನ್ನು ಸುಮ್ನೆ ಓದಿ ಬಿಡಬೇಡಿ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದು ಹರಡುವುದು ಉಣುಗಿನಿಂದ. ಉಣುಗಿನ ಕಾಟ ಜೋರಾಗಿರುವುದು ಮಳೆ ಮುಗಿದ ಮೇಲೆ, ನವೆಂಬರ್‌ನಿಂದ ಮೇ ತನಕ. ಹೂವಿನ ಕಾಲದಲ್ಲಿ ಆ ಭಯ ಕಡಿಮೆ. ಆದರೆ ಜಾಗ ಗುರುತು ಮಾಡಲು ಒಣಗಾಲದಲ್ಲಿ ಕಾಡಂಚಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಂಡೇ ಹೋಗಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ದಿಕ್ಕಿಗೇ ಹೋಗಬೇಡಿ.

ಹಂತ 5: ನಿಧಾನ ನಡೆಯಿರಿ, ಒಂದು ಕಂಡರೆ ನಿಲ್ಲಿ

ಒಂದೆಲೆ ಆರ್ಕಿಡ್ ಹೆಚ್ಚಾಗಿ ಗುಂಪಿನಲ್ಲಿರುತ್ತದೆ. ಒಂದು ಕಂಡಿತು ಅಂದರೆ ನಿಮ್ಮ ಕಾಲ ಸುತ್ತ ಇನ್ನೂ ಹತ್ತಾರು ಇರಬಹುದು, ಹೂ ಬಿಡದ ಬರೀ ಎಲೆಗಳೂ ಇರಬಹುದು. ಸಂತೋಷಕ್ಕೆ ಓಡಿಹೋಗಿ ಹೂವಿನ ಮುಂದೆ ಕೂತವರು ಎದ್ದಾಗ ಬೂಟಿನ ಕೆಳಗೆ ನಾಲ್ಕು ಎಲೆ ಹಣ್ಣಾಗಿರುತ್ತದೆ. ನನ್ನ ಲೆಕ್ಕದಲ್ಲಿ ಕಿತ್ತು ಹಾಳು ಮಾಡುವವರಿಗಿಂತ ತುಳಿದು ಹಾಳು ಮಾಡುವವರೇ ಜಾಸ್ತಿ, ಅದೂ ಹೂ ಪ್ರೀತಿಸುವವರೇ.

ಹಾಗಾಗಿ ಕ್ರಮ ಹೀಗಿರಲಿ. ದನ ಓಡಾಡಿ ಆದ ಕಾಲುದಾರಿಯಲ್ಲೇ ನಡೆಯಿರಿ. ಹೂ ಕಂಡ ಕೂಡಲೇ ಅಲ್ಲೇ ನಿಂತು ಮೊದಲು ನೆಲ ನೋಡಿ. ಮುಂದಿನ ಹೆಜ್ಜೆ ಇಡಲು ಕಲ್ಲು ಅಥವಾ ಬರೀ ಮಣ್ಣು ಎಲ್ಲಿದೆ ಹುಡುಕಿ. ಗುಂಪಿನ ಒಳಗೆ ಹೋಗಬೇಡಿ, ಅಂಚಿನಲ್ಲಿರುವ ಹೂವನ್ನೇ ಆರಿಸಿಕೊಳ್ಳಿ. ಜೊತೆಗೆ ನಾಲ್ಕೈದು ಜನ ಇದ್ದರೆ ಒಬ್ಬೊಬ್ಬರಾಗಿ ಹೋಗಿ. ಕೂರುವ ಮೊದಲು ಕೋಲಿನಿಂದ ಹುಲ್ಲು ಮೆಲ್ಲಗೆ ಸರಿಸಿ ನೋಡಿ, ಹಾವು ಇರಬಹುದು. ಮೇಲೆ ಮಂಜು ಕವಿದು ದಾರಿ ಕಾಣದಾದರೆ, ಗುಡುಗು ಶುರುವಾದರೆ, ಹೂವಿನ ಆಸೆ ಬಿಟ್ಟು ಇಳಿಯಿರಿ.

ಹಂತ 6: ಗುರುತಿಸುವುದು

ಹೂ ನೋಡಿದ ತಕ್ಷಣ ಹೆಸರು ಹೇಳಲು ಹೋಗಬೇಡಿ. ಕೆಳಗಿನಿಂದ ಮೇಲೆ ನೋಡುತ್ತಾ ಬನ್ನಿ.

ಮೊದಲು ಎಲೆ. ಐದು ರೂಪಾಯಿ ನಾಣ್ಯಕ್ಕಿಂತ ದೊಡ್ಡದು, ಅಂಗೈಗಿಂತ ಚಿಕ್ಕದು. ಹೆಚ್ಚುಕಮ್ಮಿ ದುಂಡು, ಬುಡದಲ್ಲಿ ಹೃದಯದ ಆಕಾರ, ದಪ್ಪ, ಮಣ್ಣಿಗೆ ಒತ್ತಿಕೊಂಡಿರುತ್ತದೆ. ಸಾಮಾನ್ಯವಾಗಿ ಒಂದೇ, ಅಪರೂಪಕ್ಕೆ ಎರಡು. ತಂಬುಳಿಗೆ ಕೊಯ್ಯುವ ಒಂದೆಲಗವನ್ನು ಇದೇ ಅಂದುಕೊಂಡು ಫೋಟೋ ಕಳಿಸುವವರಿದ್ದಾರೆ. ಒಂದೆಲಗಕ್ಕೆ ಉದ್ದ ತೊಟ್ಟು, ಅಂಚಿನಲ್ಲಿ ಕಚ್ಚು, ನೆಲದ ಮೇಲೆ ಹರಿಯುವ ಬಳ್ಳಿ ಇರುತ್ತದೆ. ಆರ್ಕಿಡ್ ಎಲೆಯ ಅಂಚು ನುಣುಪು. ಮರದ ನೆರಳಿನಲ್ಲಿ ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾದ ಒಂಟಿ ಎಲೆ ಕಂಡರೆ ಅದು ನೆರ್ವೀಲಿಯಾ ಅನ್ನುವ ಬೇರೆ ನೆಲ ಆರ್ಕಿಡ್. ಅದರಲ್ಲಿ ಹೂ ಮೊದಲು, ಎಲೆ ಆಮೇಲೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಆಮೇಲೆ ಹೂವಿನ ಹಿಂಭಾಗ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ನೋಡುವಂಥದ್ದು ಇರುವುದು ಇಲ್ಲೇ. ಹೂವನ್ನು ದಂಟಿಗೆ ಸೇರಿಸುವ ಹಸಿರು ಭಾಗ ಬರೀ ತೊಟ್ಟಲ್ಲ, ಅದು ಅಂಡಾಶಯ, ಮುಂದೆ ಕಾಯಿಯಾಗುವ ಜಾಗ. ಹತ್ತಿರದಿಂದ ನೋಡಿದರೆ ಅದು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುವುದು ಕಾಣುತ್ತದೆ. ಮೊಗ್ಗು ಅರಳುವಾಗ ಅರ್ಧ ಸುತ್ತು ತಿರುಗುತ್ತದೆ. ಹಾಗೆ ತಿರುಗುವುದರಿಂದ ಮೇಲಿರಬೇಕಾದ ಅಗಲ ಎಸಳು ಕೆಳಗೆ ಬರುತ್ತದೆ. ಆ ಎಸಳಿಗೆ ತುಟಿ ಅನ್ನುತ್ತಾರೆ. ನಮ್ಮ ಗಿಡದಲ್ಲಿ ತುಟಿಗೆ ಮೂರು ಸೀಳು: ಪಕ್ಕದ ಎರಡು ಅಗಲ, ನಡುವಿನದು ಕಿರಿದು.

ತುಟಿಯ ಬುಡದಿಂದ ಹಿಂದಕ್ಕೆ ಒಂದು ತೆಳ್ಳಗಿನ ಕೊಳವೆ ಇಳಿದಿರುತ್ತದೆ. ಅದು ಸ್ಪರ್, ಅಂದರೆ ಮಕರಂದದ ಕೊಳವೆ. ಬೆಳಕಿಗೆ ಹಿಡಿದಂತೆ ನೋಡಿದರೆ ಒಳಗೆ ರಸ ಎಲ್ಲಿಯವರೆಗೆ ತುಂಬಿದೆ ಅನ್ನುವುದೂ ಕೆಲವೊಮ್ಮೆ ಕಾಣುತ್ತದೆ. ಈ ಕುಲದ ಹಲವು ಬಿಳಿ ಹೂಗಳಿಗೆ ರಾತ್ರಿ ಹಾರುವ ಪತಂಗಗಳು ಬರುತ್ತವೆ. ಉದ್ದ ನಾಲಗೆಯನ್ನು ಕೊಳವೆಗೆ ಇಳಿಸಿದಾಗ ಹೂವಿನ ಪರಾಗದ ಗಂಟು ಅಂಟಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಆರ್ಕಿಡ್‌ಗಳಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ, ಹೀಗೆ ಗಂಟಾಗಿ ಇರುತ್ತದೆ. ಅದಕ್ಕೆ ಪೊಲಿನಿಯಾ ಎಂಬ ಹೆಸರು. ಬುಡದಲ್ಲಿ ಅಂಟು ಇರುವುದರಿಂದ ನಿಮ್ಮ ಬೆರಳಿಗೂ ಅಂಟಿಕೊಂಡು ಬಂದುಬಿಡುತ್ತದೆ. ಒಮ್ಮೆ ಬಂದರೆ ಆ ಹೂವಿನ ಪರಾಗ ಇನ್ನೊಂದು ಹೂವಿಗೆ ತಲುಪುವುದಿಲ್ಲ. ಹೂವಿನ ಬಾಯಿಗೆ ಬೆರಳು, ಕಡ್ಡಿ ಏನೂ ಹಾಕಬೇಡಿ.

ಇದರ ಜೊತೆ ಗೊಂದಲವಾಗುವ ನೆಂಟರನ್ನೂ ಪರಿಚಯ ಮಾಡಿಕೊಳ್ಳಿ. ನೆಲಕ್ಕೆ ಒತ್ತಿದ ಎರಡು ಎಲೆ, ಮೇಲೆ ಹಸಿರು ಮಿಶ್ರಿತ ಬಿಳಿಯ ಸಣ್ಣ ಹೂಗಳಿದ್ದರೆ ಹ್ಯಾಬೆನೇರಿಯಾ ಡಿಫಿಲ್ಲಾ. ಎಲ್ಲ ಹೂಗಳೂ ದಂಟಿನ ಒಂದೇ ಪಕ್ಕಕ್ಕೆ ಸಾಲಾಗಿ ನಿಂತಿದ್ದರೆ ಹ್ಯಾಬೆನೇರಿಯಾ ಹೇನಿಯಾನಾ. ಇದನ್ನು ಟೂತ್‌ಬ್ರಷ್ ಆರ್ಕಿಡ್ ಅಂತಲೇ ಕರೆಯುತ್ತಾರೆ, ಆಗಸ್ಟ್ ಹೊತ್ತಿಗೆ ಜಾಸ್ತಿ. ಸ್ಪರ್ ಬೆರಳಿಗಿಂತ ಉದ್ದ ಇಳಿಬಿದ್ದಿದ್ದರೆ ಹ್ಯಾಬೆನೇರಿಯಾ ಲಾಂಗಿಕಾರ್ನಿಕ್ಯುಲೇಟಾ. ಎತ್ತರದ ಬೆಟ್ಟಗಳಲ್ಲಿ ಮಳೆಗಾಲದ ಕೊನೆಯಲ್ಲಿ ಗುಲಾಬಿ ಬಣ್ಣದ ದಟ್ಟ ಗೊಂಚಲು ಕಂಡರೆ ಅದು ಸಟೀರಿಯಂ ನೇಪಾಲೆನ್ಸೆ. ಅದರ ಹೂ ತಿರುಚಿಕೊಳ್ಳುವುದಿಲ್ಲ. ಹಾಗಾಗಿ ತುಟಿ ಮೇಲೆಯೇ ಉಳಿದಿರುತ್ತದೆ, ಸ್ಪರ್ ಒಂದಲ್ಲ, ಎರಡು.

ಹಂತ 7: ಫೋಟೋ ಮತ್ತು ದಾಖಲೆ

ಹೂವಿನ ಮುಖದ ಒಂದೇ ಫೋಟೋದಿಂದ ಗುರುತಿಸಿ ಅಂದರೆ ತಜ್ಞರಿಗೂ ಕಷ್ಟ. ನಾಲ್ಕು ಫೋಟೋ ತೆಗೆಯಿರಿ: ಎದುರಿನಿಂದ ಹೂ, ಪಕ್ಕದಿಂದ ಸ್ಪರ್ ಪೂರ್ತಿ ಕಾಣುವಂತೆ, ಮೇಲಿನಿಂದ ಎಲೆ, ಮತ್ತು ಸ್ವಲ್ಪ ದೂರದಿಂದ ಸುತ್ತಲಿನ ಜಾಗ. ಒಂದರಲ್ಲಿ ಸ್ಕೇಲ್ ಪಕ್ಕದಲ್ಲಿಡಿ. ಮೋಡದ ಬೆಳಕು ಬಿಳಿ ಹೂವಿಗೆ ಒಳ್ಳೆಯದು. ಫ್ಲ್ಯಾಷ್ ಹಾಕಿದರೆ ತುಟಿಯ ಸೀಳುಗಳು ಬೆಳ್ಳಗೆ ಕಲಸಿಹೋಗುತ್ತವೆ.

ಫೋಟೋಗೆ ಅಡ್ಡ ಬರುತ್ತದೆ ಅಂತ ಸುತ್ತಲಿನ ಹುಲ್ಲು ಕೀಳುವ ಅಭ್ಯಾಸ ಬಿಡಿ. ಆ ಹುಲ್ಲೇ ಬೇರಿನ ಸುತ್ತ ಮಣ್ಣು ಹಿಡಿದಿರುವುದು. ಹುಲ್ಲನ್ನು ಬೆರಳಿನಿಂದ ಬಾಗಿಸಿ ಹಿಡಿದುಕೊಳ್ಳಿ, ಆಮೇಲೆ ಬಿಡಿ.

ದಾಖಲೆಗೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಬಳಸಿ. ದಿನಾಂಕ, ಊರು, ಎಷ್ಟು ಗಿಡ ಇದ್ದವು, ಎಷ್ಟರಲ್ಲಿ ಹೂ ಇತ್ತು ಅನ್ನುವುದನ್ನೂ ಬರೆಯಿರಿ. ಐನ್ಯಾಚುರಲಿಸ್ಟ್‌ನಲ್ಲಿ ನಿಖರ ಸ್ಥಳ ಮರೆಮಾಡುವ ಆಯ್ಕೆ ಇದೆ, ಅದನ್ನು ಒತ್ತಿಯೇ ಹಾಕಿ. ವಾಟ್ಸಾಪ್ ಗುಂಪಿಗೆ ಲೊಕೇಶನ್ ಕಳಿಸಬೇಡಿ. ಮುಂದಿನ ಭಾನುವಾರ ಅಲ್ಲಿ ಎಷ್ಟು ಕಾರು ನಿಂತಿರುತ್ತವೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಹಂತ 8: ನಿಮ್ಮದೇ ಬ್ಯಾಣದಲ್ಲಿ ಇದ್ದರೆ

ಈ ಹಂತ ಮಲೆನಾಡಿನ ರೈತ ಓದುಗರಿಗೆ. ಸುಂದರ ಹೂ ಇದೆ ಅಂತ ಬ್ಯಾಣಕ್ಕೆ ಗೊಬ್ಬರ ಹಾಕುವುದು, ನೆರಳಿಗೆ ಮರ ನೆಡುವುದು ಬೇಡ. ಇದು ಬಡ ಮಣ್ಣಿನ, ಬಿಸಿಲಿನ ಗಿಡ. ಬ್ಯಾಣಕ್ಕೆ ಅಕೇಶಿಯಾ ಹಾಕಿದರೆ ನೆರಳು, ಉದುರಿದ ಎಲೆಯ ದಪ್ಪ ಹಾಸು ಎರಡೂ ಸೇರಿ ನೆಲಕ್ಕೆ ಒತ್ತಿಕೊಂಡ ಗಿಡಗಳಿಗೆ ಜಾಗವೇ ಇಲ್ಲದಂತಾಗುತ್ತದೆ. ಲಂಟಾನ, ಯುಪಟೋರಿಯಂ ಅಂಚಿನಿಂದ ನುಗ್ಗುತ್ತಿದ್ದರೆ ಕಳೆನಾಶಕ ಹೊಡೆಯಬೇಡಿ, ಅದು ಆರ್ಕಿಡ್ ಎಲೆಯನ್ನೂ ಸುಡುತ್ತದೆ. ಬೇಸಿಗೆಯ ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಮೃಗಶಿರಕ್ಕೆ ಮೊದಲೇ, ಕೈಯಿಂದ ಕಿತ್ತುಬಿಡಿ.

ದನ ಮೇಯುವುದರಿಂದ ತೊಂದರೆ ಇಲ್ಲವಾ ಅಂತ ಕೇಳುತ್ತಾರೆ. ಹದವಾಗಿ ಮೇದರೆ ಹುಲ್ಲು ಗಿಡ್ಡವಾಗಿ ಇದಕ್ಕೆ ಬೆಳಕು ಸಿಗುತ್ತದೆ. ಹೂವಿನ ಗುಂಪು ದಟ್ಟವಾಗಿರುವ ತುಂಡಿಗೆ ಮಾತ್ರ ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ. ಅಷ್ಟರಲ್ಲಿ ಕಾಯಿ ಒಡೆದು ಬೀಜ ಹಾರಿರುತ್ತದೆ, ಎಲೆಯೂ ತನ್ನ ಕೆಲಸ ಮುಗಿಸಿರುತ್ತದೆ. ಹುಲ್ಲು ಒಣಗಿದ ಮೇಲೆ ಕೊಯ್ಯುವ ನಮ್ಮ ರೂಢಿ ಈ ಗಿಡಕ್ಕೆ ಸರಿಯಾಗಿ ಹೊಂದುತ್ತದೆ. ಹಸಿ ಹುಲ್ಲಿನ ಆಸೆಗೆ ಜುಲೈನಲ್ಲೇ ಯಂತ್ರ ಹಾಕಿ ನೆಲಮಟ್ಟಕ್ಕೆ ಸವರಿದರೆ ಮಾತ್ರ ಕಷ್ಟ.

ರಸ್ತೆಯೋ, ಮನೆಯ ಪಾಯವೋ ಬಂದು ಆ ಜಾಗವೇ ಹೋಗುವುದು ಖಂಡಿತ ಅನ್ನುವಾಗ ಮಾತ್ರ, ಅದೂ ಸ್ವಂತ ಜಮೀನಿನಲ್ಲಿ, ಗಿಡ ಬದಲಿಸಲು ಪ್ರಯತ್ನಿಸಬಹುದು. ಹೂವಿದ್ದಾಗ ಗುಂಪಿನ ಸುತ್ತ ಕಲ್ಲಿಟ್ಟು ಗುರುತು ಮಾಡಿ. ಮಳೆ ಮುಗಿದು ಎಲೆ ತಾನಾಗಿ ಒಣಗುವವರೆಗೆ ಕಾಯಿರಿ. ಆಮೇಲೆ ಒಂದು ಗೇಣು ಆಳಕ್ಕೆ ಹುಲ್ಲು, ಮಣ್ಣು ಸಮೇತ ಹೆಂಟೆ ಒಡೆಯದಂತೆ ಗುದ್ದಲಿಯಿಂದ ಎತ್ತಿ, ಅದೇ ದಿನ ಬ್ಯಾಣದ ಇನ್ನೊಂದು ಮೂಲೆಯಲ್ಲಿ ಅಷ್ಟೇ ಆಳದ ಗುಂಡಿಗೆ ಕೂರಿಸಿ. ಮೊದಲಿದ್ದಂತಹದೇ ಇಳಿಜಾರು, ಮೊದಲಿದ್ದಷ್ಟೇ ಬಿಸಿಲು ಇರಲಿ. ನೀರು ಹಾಕಬೇಡಿ. ಬೇಸಿಗೆಯಲ್ಲಿ ಗೆಡ್ಡೆ ಒಣ ಮಣ್ಣಿನಲ್ಲೇ ಇರಬೇಕು, ಒದ್ದೆಯಾದರೆ ಕೊಳೆಯುತ್ತದೆ. ಎಲ್ಲವೂ ಉಳಿಯುತ್ತವೆ ಎಂಬ ಖಾತ್ರಿ ಇಲ್ಲ. ಬದಲಿಸಿದ ಜಾಗಕ್ಕೂ ಕಲ್ಲಿನ ಗುರುತು ಇಟ್ಟು, ಮುಂದಿನ ಆರಿದ್ರದಲ್ಲಿ ಎಷ್ಟು ಎಲೆ ಬಂತು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.